ಮೂಲೆಯ ಮಣ್ಣು

ಮಣ್ಣು ಎಲ್ಲಿಂದ ತೆಗೆಯುವುದು ಎನ್ನುವ ಮಾತು ಬರುವವರೆಗೆ ಈ ಹೊಸ ಮನೆಯ ಯೋಚನೆ ನನಗೂ ಇಷ್ಟವಾಗಿಯೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ಬೇರೆಯೇ ಕಥೆ ಓಡಾಡುತ್ತಿದೆ. ಸುಮಲತಳಿಗೆ, ಅಂದರೆ ನನಗೆ, ಸಿಮೆಂಟಿನ ಮನೆ ಬೇಕಿತ್ತಂತೆ, ಗಂಡ ಮಣ್ಣಿನ ಮನೆ ಅಂದಿದ್ದಕ್ಕೆ ಮುನಿಸಿಕೊಂಡು ಕೆಲಸ ನಿಲ್ಲಿಸಿದಳಂತೆ. ಡೇರಿಗೆ ಹಾಲು ಹಾಕಲು ಬರುವ ಹೆಂಗಸರು ನನ್ನೆದುರೇ ಇದನ್ನು ಹೇಳಿ, ಆಮೇಲೆ ಕ್ಯಾನಿನ ಕಡೆ ನೋಡುತ್ತಾ ನಿಲ್ಲುತ್ತಾರೆ. ನಾನು ಆ ಡೇರಿಯ ಕಾರ್ಯದರ್ಶಿ. ಫ್ಯಾಟ್ ನೋಡಿ, ಬರೆದು, ಮುಂದಿನವರನ್ನು ಕರೆಯುತ್ತೇನೆ. ಊರಿಗೆಲ್ಲ ಉತ್ತರ ಕೊಡುತ್ತಾ ಕೂತರೆ ಹಾಲು ಒಡೆದುಹೋಗುತ್ತದೆ.

ನಮ್ಮೂರು ಕ್ಯಾಸಂಬಳ್ಳಿಯಿಂದ ಒಳಕ್ಕಿದೆ. ಹಳೇ ಮನೆ ಅಣ್ಣತಮ್ಮಂದಿರಲ್ಲಿ ಭಾಗವಾದಾಗ ನಮ್ಮ ಪಾಲಿಗೆ ಬಂದಿದ್ದು ದನದ ಕೊಟ್ಟಿಗೆ. ಅದಕ್ಕೇ ಗೋಡೆ ಎತ್ತಿ, ಮೇಲೆ ಶೀಟು ಹೊದಿಸಿ, ಸದ್ಯಕ್ಕೆ ಇರಲಿ ಅಂದುಕೊಂಡು ಒಳಗೆ ಹೋದವರು ನಾವು. ಆ ಸದ್ಯಕ್ಕೆ ಇನ್ನೂ ಮುಗಿದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಒಳಗೆ ಕೂರುವುದಕ್ಕಾಗುವುದಿಲ್ಲ. ಮುದ್ದೆ ತೊಳಸುವಾಗ ಒಲೆಯ ಶಾಖ ಯಾವುದು, ಶೀಟಿನ ಶಾಖ ಯಾವುದು ಗೊತ್ತಾಗುವುದಿಲ್ಲ. ಮಳೆ ಬಂದರೆ ಆ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ನನ್ನ ಮದುವೆಯಾದ ಮೇಲಿನ ಬದುಕೆಲ್ಲ ಆ ಶೀಟಿನ ಕೆಳಗೇ ಕಳೆದಿದೆ, ನನಗೆ ಸಾಕಾಗಿದೆ.

ನಮ್ಮ ಯಜಮಾನರ ಹೆಸರು ಮುನೀಂದ್ರ. ಬರೆಯುವುದಾದ್ದರಿಂದ ಹೇಳಿದೆ, ಬಾಯಲ್ಲಿ ಇವತ್ತಿಗೂ ಕರೆದಿಲ್ಲ. ಬೆಳಗಿನ ಜಾವ ಬೈಕಿನಲ್ಲಿ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ ರೈಲು ಹತ್ತುತ್ತಾರೆ. ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮನೆ ಸೇರುವ ಹೊತ್ತಿಗೆ ಮಾತಾಡುವುದಕ್ಕೂ ಜೀವ ಇರುವುದಿಲ್ಲ. ರೈಲಿನಲ್ಲಿ ಸೀಟು ಸಿಗದೆ ನಿಂತುಕೊಂಡು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಇವರಿಗೆ ಮಣ್ಣಿನ ಮನೆಯ ಹುಚ್ಚು ಹಿಡಿಯಿತು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಫ್ಯಾನು ಬೇಡ, ಬೋರ್‌ವೆಲ್ ಬೇಡ, ಮಳೆ ನೀರೇ ಸಾಕು. ಶುರುವಿನಲ್ಲಿ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಇದಕ್ಕಿಂತ ಮುಂಚೆ ಜೇನು ಸಾಕುವ ಹುಚ್ಚಿತ್ತು, ಅದಕ್ಕಿಂತ ಮುಂಚೆ ಅಣಬೆ.

ಆದರೆ ಬಂಗಾರಪೇಟೆಯಿಂದ ಅಂಬಿಕ ಮೇಡಂ ಬಂದ ದಿನ ನನ್ನ ಮನಸ್ಸು ತಿರುಗಿತು. ಇಂಥ ಮನೆಗಳನ್ನೇ ಕಟ್ಟಿಸುವ ಇಂಜಿನಿಯರ್ ಹುಡುಗಿ ಅವರು. ರಸ್ತೆ ಪಕ್ಕದ ನಮ್ಮ ಹೊಲದಲ್ಲಿ ಒಂದು ದಿನ ಪೂರ್ತಿ ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಯಾವ ಕಡೆಗೆ ಬೀಸುತ್ತದೆ, ಮಳೆ ನೀರು ಎತ್ತ ಹರಿಯುತ್ತದೆ ಎಂದು ನೋಡುತ್ತಾ ಓಡಾಡಿದರು. ಆಮೇಲೆ ಯಜಮಾನರನ್ನು ಬಿಟ್ಟು ನನ್ನ ಹತ್ತಿರ ಬಂದು ಕೂತರು. ಅಡುಗೆ ಮಾಡುವಾಗ ಯಾವ ಕಡೆ ಮುಖ ಮಾಡುತ್ತೀರಿ, ರಾಗಿ ಎಲ್ಲಿ ಒಣಗಿಸುತ್ತೀರಿ, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತೆಲ್ಲ ಕೇಳಿದರು. ನನ್ನ ಜೀವಮಾನದಲ್ಲಿ ಯಾರೂ ನನಗೆ ಈ ಪ್ರಶ್ನೆಗಳನ್ನು ಹಾಕಿರಲಿಲ್ಲ.

ಅವರ ಲೆಕ್ಕಾಚಾರ ಹೀಗಿತ್ತು. ಹೊಲದ ಮಣ್ಣನ್ನೇ ಅಗೆದು, ಅದಕ್ಕೆ ಚೂರು ಸಿಮೆಂಟ್ ಬೆರೆಸಿ, ಕೈಯಲ್ಲಿ ಒತ್ತುವ ಮೆಷಿನ್ನಿನಲ್ಲಿ ಇಟ್ಟಿಗೆ ಮಾಡುವುದು. ಸುಡುವುದಿಲ್ಲ, ಬಿಸಿಲಿಗೂ ಹಾಕುವುದಿಲ್ಲ, ನೆರಳಲ್ಲಿಟ್ಟು ನೀರು ಹಾಕಿ ಗಟ್ಟಿ ಮಾಡುವುದು. ಬಾಗಿಲು ಕಿಟಕಿಗಳು ರಾಬರ್ಟ್‌ಸನ್‌ಪೇಟೆಯಲ್ಲಿ ಸಿಗುವ ಹಳೇ ಮರದವು, ಮುಚ್ಚಿದ ಚಿನ್ನದ ಗಣಿಯ ಕ್ವಾರ್ಟರ್ಸ್‌ನಿಂದ ಬಿಚ್ಚಿದವು. ಬಚ್ಚಲ ನೀರು ಬಾಳೆಗಿಡಕ್ಕೆ. ಮಣ್ಣು ತೆಗೆದ ಗುಂಡಿಯನ್ನೇ ಕಟ್ಟಿ ಮಳೆ ನೀರಿನ ತೊಟ್ಟಿ ಮಾಡುವುದು. ಹೊಲದಿಂದ ಎಷ್ಟು ಮಣ್ಣು ತಗೊಳ್ಳುತ್ತೇವೋ ಅಷ್ಟು ಜಾಗದಲ್ಲಿ ನೀರು ವಾಪಸ್ ಕೊಡುತ್ತೇವೆ ಎಂದರು ಅಂಬಿಕ ಮೇಡಂ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಡೇರಿಯಲ್ಲಿ ನಾಲ್ಕು ಜನರ ಹತ್ತಿರ ನಾನೇ ಹೇಳಿಕೊಂಡು ಬಂದೆ.

ಮುಂದಿನ ವಾರ ಅವರು ಗಾಜಿನ ಬಾಟಲಿಗಳನ್ನು ತಂದರು. ಹೊಲದ ನಾಲ್ಕು ಕಡೆ ಮೊಣಕಾಲುದ್ದ ಅಗೆದು, ಒಂದೊಂದು ಕಡೆಯ ಮಣ್ಣನ್ನು ಒಂದೊಂದು ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ, ನಮ್ಮ ಮನೆಯ ಕಟ್ಟೆಯ ಮೇಲಿಟ್ಟು ಹೋದರು. ಬೆಳಗಾಗುವುದರೊಳಗೆ ಮಣ್ಣು ಪದರ ಪದರವಾಗಿ ತಳ ಸೇರಿತ್ತು, ಕೆಳಗೆ ಮರಳು, ಮೇಲೆ ಜಿಗುಟು. ಬಾವಿ ಕಡೆಯದರಲ್ಲಿ ಬರೀ ಜಿಗುಟು. ರಸ್ತೆ ಕಡೆಯದರಲ್ಲಿ ಬರೀ ಗರಸು, ಸಣ್ಣ ಕಲ್ಲುಚೂರು. ನಡುವಿನದರಲ್ಲಿ ವರ್ಷಗಟ್ಟಲೆ ಹಾಕಿದ ಗೊಬ್ಬರ, ಬೇರು, ಕಸ. ಮತ್ತೆ ಬಂದ ಮೇಡಂ ಮುಖ ಪೂರ್ವದ ಮೂಲೆಯ ಬಾಟಲಿ ನೋಡಿ ಅರಳಿತು. ಇಟ್ಟಿಗೆಗೆ ಹೇಳಿ ಮಾಡಿಸಿದ ಹಾಗಿದೆ, ಇಲ್ಲಿ ಉಳುಮೆಯೇ ಆಗಿಲ್ಲ, ಒಂದು ಕಾಳು ಗೊಬ್ಬರವೂ ಬಿದ್ದಿಲ್ಲ, ಯಾಕೆ ಬಿಟ್ಟಿರಿ ಈ ಜಾಗ ಎಂದು ಕೇಳಿದರು. ಅಲ್ಲಿ ಕೆಳಗಡೆ ಬಂಡೆ ಇದೆಯಂತೆ, ನಮ್ಮಪ್ಪನ ಕಾಲದಿಂದಲೂ ನೇಗಿಲು ಇಳಿಸಿಲ್ಲ ಎಂದರು ಯಜಮಾನರು. ನನಗೇನೂ ಬಂಡೆ ಸಿಗಲಿಲ್ಲವಲ್ಲ ಎಂದು ನಕ್ಕು, ಮೇಡಂ ಕಾಗದದ ಮೇಲೆ ಅಲ್ಲೊಂದು ಚೌಕ ಬರೆದರು.

ನಾನು ಎದ್ದು ಒಳಗೆ ಹೋದೆ. ಒಲೆ ಮುಂದೆ ಕೂತು ಆ ಬಾಟಲಿಯನ್ನು ಮತ್ತೆ ನೋಡಲಾರೆ ಅಂದುಕೊಂಡೆ.

ನನ್ನ ಮೊದಲ ಮಗು ಆ ಹೊಲದಲ್ಲಿದೆ. ಎಲ್ಲಿದೆ ಅಂತ ನನಗೆ ಗೊತ್ತಿಲ್ಲ.

ಮಗಳು ನವ್ಯ ಹುಟ್ಟುವುದಕ್ಕೆ ಮುಂಚಿನ ಮಾತು. ಹೆಣ್ಣು ಮಗು. ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಹುಟ್ಟಿತು, ಉಸಿರಾಟ ಸರಿಯಿರಲಿಲ್ಲ. ಒಂದು ವಾರವೂ ಬದುಕಲಿಲ್ಲ, ಹೆಸರಿಡುವುದರೊಳಗೆ ಹೋಯಿತು. ನನಗೆ ಹೊಲಿಗೆ ಹಾಕಿದ್ದರು, ಏಳುವ ಹಾಗಿರಲಿಲ್ಲ. ಡಾಕ್ಟ್ರಿಗೆ ತೋರಿಸ್ಕೊಂಡು ಬತ್ತೀವಿ ಕೊಡಮ್ಮ ಎಂದು ಅತ್ತೆ ನನ್ನ ಕೈಯಿಂದ ಮಗುವನ್ನು ತಗೊಂಡರು. ವಾಪಸ್ ಬಂದಾಗ ಅವರ ಕೈ ಖಾಲಿ ಇತ್ತು. ನಮ್ಮ ಕಡೆ ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಬಾವಿಯ ಹತ್ತಿರ ನಮ್ಮವರ ಸಮಾಧಿಗಳಿವೆ, ಕಲ್ಲು ನೆಟ್ಟಿದ್ದಾರೆ, ಹಬ್ಬಕ್ಕೆ ಎಡೆ ಇಡುತ್ತಾರೆ. ಹಾಲುಗಲ್ಲದ ಮಗುವನ್ನು ಅವರ ಜೊತೆ ಇಡುವುದಿಲ್ಲ. ಎಲ್ಲೋ ಬದುವಿನ ಪಕ್ಕ ಇಟ್ಟು, ಮೇಲೆ ಮುಳ್ಳು ಹಾಕಿ ಬಂದುಬಿಡುತ್ತಾರೆ, ಗುರುತು ಇಡುವುದಿಲ್ಲ. ಹೆಂಗಸರು ಹೋಗುವ ಹಾಗಿಲ್ಲ. ತಾಯಿಗಂತೂ ಜಾಗ ಹೇಳಲೇಬಾರದು, ಹೇಳಿದರೆ ಅಲ್ಲಿಗೆ ಹೋಗಿ ಹೋಗಿ ಕೂರುತ್ತಾಳೆ, ಮುಂದಿನದು ನಿಲ್ಲುವುದಿಲ್ಲ ಅನ್ನುವುದು ನಮ್ಮವರ ನಂಬಿಕೆ.

ಮಾವ ವೆಂಕಟೇಶಪ್ಪನವರು ಕೂಲಿಯ ಕೋದಂಡಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ ಆ ಕೆಲಸ ಮುಗಿಸಿದರು. ಯಜಮಾನರು ಆಗ ನನ್ನ ಹಾಸಿಗೆ ಪಕ್ಕ ಕೂತಿದ್ದರು. ಆಮೇಲೊಂದು ಸಲ ಕೇಳಿದೆ. ನನಗೂ ಗೊತ್ತಿಲ್ಲ, ಅಪ್ಪನ್ನ ಕೇಳೋಕೆ ಆಗಲ್ಲ, ಬಿಟ್ಟುಬಿಡು ಎಂದರು. ಬಿಟ್ಟೆ. ನವ್ಯ ಹುಟ್ಟಿದಳು, ಬೆಳೆದಳು, ಈಗ ಬಂಗಾರಪೇಟೆ ಕಾಲೇಜಿಗೆ ಹೋಗುತ್ತಾಳೆ. ಮಾವ ತೀರಿಕೊಂಡರು. ಆ ಹೊಲದಲ್ಲಿ ನಾನು ಕಳೆ ಕಿತ್ತಿದ್ದೇನೆ, ರಾಗಿ ಕೊಯ್ದಿದ್ದೇನೆ. ಬದುವಿನ ಪಕ್ಕ ಕುಡುಗೋಲು ಆಡಿಸುವಾಗೆಲ್ಲ ಕೈ ಒಂದು ಚೂರು ತಡೆಯುತ್ತಿತ್ತು. ಅದನ್ನು ಬಿಟ್ಟರೆ ಬೇರೇನೂ ಇಲ್ಲ. ಅಭ್ಯಾಸವಾಗಿಹೋಗಿತ್ತು.

ಆದರೆ ಆ ಮಣ್ಣನ್ನು ಅಗೆದು, ಜರಡಿ ಹಿಡಿದು, ಮೆಷಿನ್ನಿಗೆ ಹಾಕಿ ಒತ್ತಿ ಗೋಡೆ ಕಟ್ಟುವುದು ಬೇರೆ ಮಾತು. ಮಗು ಎಲ್ಲಿದೆ ಎಂದು ತಿಳಿಯದೆ ಆ ಹೊಲದಿಂದ ಒಂದು ಬುಟ್ಟಿ ಮಣ್ಣು ತೆಗೆಯುವುದಕ್ಕೂ ನನ್ನ ಮನಸ್ಸು ಒಪ್ಪಲಿಲ್ಲ.

ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಮನೆ ಶುರುಮಾಡುವ ಹೊತ್ತಿನಲ್ಲಿ ಸಾವಿನ ಸುದ್ದಿ ಎತ್ತಿದಳು ಅನ್ನಿಸಿಕೊಳ್ಳುವುದಕ್ಕೆ ಹಿಂಜರಿಕೆ. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಅಳಬೇಕಾಗುತ್ತದೆ, ಬೆಳಿಗ್ಗೆ ಸಂಜೆ ಡೇರಿ, ಎರಡು ಹಸು, ಅಡುಗೆ, ಅತ್ತೆಯ ಮಂಡಿನೋವು, ಇವೆಲ್ಲ ಆದ ಮೇಲೆ ಅಳುವುದಕ್ಕೂ ನನ್ನಲ್ಲಿ ತ್ರಾಣ ಇರಲಿಲ್ಲ. ಅದರ ಬದಲು ಒಂದೊಂದೇ ನೆಪ ತೆಗೆದೆ. ಈ ವಾರ ಮೆಷಿನ್ ಬೇಡ, ಹಸು ಈಯುತ್ತದೆ. ಆಷಾಢ ಕಳೆಯಲಿ. ಮೂಲೆಯಲ್ಲಿ ಗುಂಡಿ ತೋಡಿದರೆ ಹೊಂಗೆ ಮರದ ಬೇರು ಸಾಯುತ್ತದೆ. ಯಜಮಾನರು ರೈಲಿನ ಸುಸ್ತಿನಲ್ಲಿ ಎಲ್ಲದಕ್ಕೂ ಹೂಂ ಅಂದು ಮಲಗುತ್ತಿದ್ದರು.

ಇದರ ಜೊತೆಗೆ ಅತ್ತೆ. ನಮ್ಮತ್ತೆ ಚಿಕ್ಕವೆಂಕಟಮ್ಮನವರಿಗೆ ಮಣ್ಣಿನ ಮನೆ ಎಂದರೆ ಮೈಯೆಲ್ಲ ಉರಿ. ಮಣ್ಣಿನ ಗೋಡೆಗೆ ಸಗಣಿ ಬಳಿದು ಬಳಿದು ಸಾಕಾಗಿ ಈಚೆಗೆ ಬಂದವರು ನಾವು, ಈಗ ಮತ್ತೆ ಅದಕ್ಕೇ ಓಗೋಣ ಅಂತೀರಾ, ನೆಂಟರು ಏನಂತಾರೆ, ಗೆದ್ದಲು ಇಡೀತದೆ, ಇಲಿ ತೂತು ಮಾಡ್ತದೆ. ಅಂಬಿಕ ಮೇಡಂ ಬಂದಾಗಲೆಲ್ಲ ಗೋಡೆ ಕಡೆ ತಿರುಗಿ ಕೂರುತ್ತಿದ್ದರು. ಕಾಫಿ ಕೊಟ್ಟರೂ ಈ ಕಡೆ ತಿರುಗುತ್ತಿರಲಿಲ್ಲ. ನನಗೆ ಅವರನ್ನು ಕಂಡರೆ ಸಿಟ್ಟು ಬರುತ್ತಿತ್ತು. ನನ್ನ ಸಂಕಟಕ್ಕೆ ಒಂದು ಕಾರಣವಿದೆ, ಈ ಮುದುಕಿಯದು ಬರೀ ಹಟ ಅನ್ನಿಸುತ್ತಿತ್ತು. ನಾವಿಬ್ಬರೂ ಸೇರಿ ಕೆಲಸ ಎಳೆಯುತ್ತಿದ್ದೇವೆ ಎನ್ನುವುದು ಯಜಮಾನರಿಗೆ ಕಂಡಿತು. ಒಂದು ಭಾನುವಾರ ಊಟದ ತಟ್ಟೆ ಸರಿಸಿ, ಅತ್ತೆ ಸೊಸೆ ಒಂದಾಗಿದ್ದನ್ನ ನಾನು ಇದೇ ಮೊದಲು ನೋಡ್ತಿರೋದು, ಅದೂ ನನ್ನ ಮೇಲೆ ಎಂದರು. ಮುಂದಿನ ಭಾನುವಾರಕ್ಕೆ ಜೆಸಿಬಿ ಹೇಳಿಬಿಟ್ಟರು.

ಆ ವಾರ ಕೋದಂಡಪ್ಪನ ಮನೆಗೆ ಹೋದೆ. ಮಗು ಎಲ್ಲಿದೆ ಎಂದು ಬಲ್ಲವರು ಬದುಕಿರುವುದು ಅವರೊಬ್ಬರೇ ಎಂದು ನಾನು ನಂಬಿದ್ದೆ. ಅವರು ಕೂಲಿಗೆ ಹೋಗುವುದನ್ನು ಬಿಟ್ಟು ಬಹಳ ದಿನವಾಗಿದೆ, ಕಣ್ಣು ಮಂಜು. ಜಗಲಿಯಲ್ಲಿ ಕೂತಿದ್ದರು. ಅವರ ಹೆಂಡತಿ ಕದಿರಮ್ಮ ನನಗೆ ಮಣೆ ಹಾಕಿ, ಇವ್ರಿಗೆ ನಿನ್ನೆ ಊಟ ಮಾಡಿದ್ದೇ ಗ್ಯಾಪ್ಕ ಇಲ್ಲ ಎಂದರು. ಆದರೂ ಕೇಳಿದೆ. ಕೋದಂಡಪ್ಪ ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು. ನಿಮ್ಮಾವ್ನೋರು ಆಣೆ ಆಕಿಸ್ಕೊಂಡಿದ್ರು, ಆದ್ರೆ ಈಗ ಅವ್ರೇ ಇಲ್ವಲ್ಲ ಎಂದು ತಾವೇ ಸಮಾಧಾನ ಮಾಡಿಕೊಂಡು, ಓಂಗೆ ಮರದ ನೆಳ್ಳಾಗೆ ಇಟ್ವಿ ಕಣಮ್ಮ ಎಂದರು. ಯಾವ ಹೊಂಗೆ ಮರ ಅಂದೆ. ಆಗ ಬದುವಿನುದ್ದಕ್ಕೂ ಹೊಂಗೆ ಮರಗಳಿದ್ದವು, ಮೂಲೆಯ ಎರಡನ್ನು ಬಿಟ್ಟು ಉಳಿದವನ್ನೆಲ್ಲ ಕಡಿದಾಗಿದೆ. ಅವರಿಗೆ ಅದು ಗೊತ್ತಾಗಲಿಲ್ಲ. ಒಂದು ಸಲ ಬಾವಿ ಕಡೆ ಎಂದರು, ಇನ್ನೊಂದು ಸಲ ರಸ್ತೆ ಕಡೆ ಎಂದರು. ಕೊನೆಗೆ, ಮಗು ಅಗುರ ಇತ್ತಮ್ಮ, ಅದೊಂದು ನೆಪ್ಪೈತೆ ಎಂದರು. ನಾನು ಎದ್ದು ಬಂದೆ.

ಭಾನುವಾರ ಬೆಳಿಗ್ಗೆ ಡೇರಿ ಮುಗಿಸಿ ಹೊಲಕ್ಕೆ ಹೋಗುವಷ್ಟರಲ್ಲಿ ಜೆಸಿಬಿ ಬಂದು ನಿಂತಿತ್ತು. ಡ್ರೈವರ್ ಸೆಲ್ವರಾಜ್ ಕೆಜಿಎಫ್‌ನವನು, ಬೀಡಿ ಸೇದುತ್ತಾ ಅಂಬಿಕ ಮೇಡಂ ಎಳೆದ ಸುಣ್ಣದ ಗೆರೆಯನ್ನು ನೋಡುತ್ತಿದ್ದ. ಯಜಮಾನರು ಹೊಸ ಬನಿಯನ್ ಹಾಕಿಕೊಂಡು ಊದಿನಕಡ್ಡಿ ಹಚ್ಚಲು ಕಡ್ಡಿ ಗೀರುತ್ತಿದ್ದರು. ಗಾಳಿಗೆ ಆರುತ್ತಿತ್ತು, ಮತ್ತೆ ಗೀರುತ್ತಿದ್ದರು. ಆ ಮನುಷ್ಯನ ಮುಖದಲ್ಲಿ ಎಷ್ಟೋ ದಿನದ ಮೇಲೆ ಸಂತೋಷ ಕಂಡಿತ್ತು. ಈಗ ಹೇಳಬೇಕು, ಈಗ ಹೇಳದಿದ್ದರೆ ಆಯಿತು ಅಂದುಕೊಂಡು ನಾನು ಸೆರಗು ಕಟ್ಟಿಕೊಂಡು ಮೂಲೆಯ ಕಡೆ ನಡೆದೆ.

ಹೊಂಗೆ ಮರದ ಕೆಳಗೆ, ಸುಣ್ಣದ ಗೆರೆಯ ಒಳಗೆ, ಅತ್ತೆ ಕೂತಿದ್ದರು.

ಮಂಡಿನೋವಿನಿಂದ ಅವರು ಹೊಲದ ಕಡೆ ಬಂದೇ ವರ್ಷವಾಗಿತ್ತು. ಬಚ್ಚಲಿಗೆ ಹೋಗುವುದಕ್ಕೂ ನಾನು ಕೈ ಹಿಡಿಯಬೇಕು. ಊರಿಂದ ಅಲ್ಲಿಗೆ ಹೇಗೆ ಬಂದರೋ, ಯಾವಾಗ ಹೊರಟರೋ ಗೊತ್ತಿಲ್ಲ. ಕೋಲು ಪಕ್ಕದಲ್ಲಿ ಬಿದ್ದಿತ್ತು, ಕಾಲೆಲ್ಲ ಧೂಳು. ಇಲ್ಲಿ ಬಂಡೆ ಐತೆ, ತೋಡ್ಬೇಡಿ, ಮೆಷಿನ್ ಮುರೀತದೆ ಎನ್ನುತ್ತಿದ್ದರು. ಬಂಡೆ ಇಲ್ಲ ಅಜ್ಜಿ, ನಾನು ನೋಡಿದ್ದೇನೆ ಎಂದು ಅಂಬಿಕ ಮೇಡಂ ಸಮಾಧಾನ ಹೇಳುತ್ತಿದ್ದರು. ಅತ್ತೆ ಕೇಳಿಸಿಕೊಳ್ಳುತ್ತಿರಲಿಲ್ಲ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆಲಸ ನಿಲ್ಲಲಿ ಎಂದು ಬಂದವಳೇ ನಾನು, ಆದರೂ ಬಂತು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಲು ನಾನು ಕಾಲೆಳೆದುಕೊಂಡು ಬಂದರೆ, ಆ ಜಾಗದಲ್ಲೂ ಈಕೆಯ ಮಣ್ಣಿನ ಮನೆಯ ಜಗಳ.

"ಏಳಿ ಅತ್ತೆ," ಎಂದೆ. "ಮಣ್ಣಿನ ಗೋಡೆ ಬೇಕೋ ಬೇಡವೋ ಅನ್ನೋ ಜಗಳ ಮನೇಲಿ ಆಡೋಣ. ನನ್ನ ಮಗು ಈ ಹೊಲ್ದಾಗೆ ಎಲ್ಲೈತೋ ನಂಗೊತ್ತಿಲ್ಲ. ಅದು ಗೊತ್ತಾಗದೆ ಇಲ್ಲಿಂದ ಒಂದು ಬುಟ್ಟಿ ಮಣ್ಣೂ ತೆಗೆಯೋಕೆ ನಾನು ಬಿಡಲ್ಲ. ನಂದು ಅದು. ನಿಮ್ದೇನು?"

ಸೆಲ್ವರಾಜ್ ಬೀಡಿ ಬಿಸಾಕಿ ಬೇರೆ ಕಡೆ ನೋಡಿದ. ಯಜಮಾನರ ಕೈಯ ಕಡ್ಡಿ ಉರಿದು ಬೆರಳಿಗೆ ಬಂತು, ಅವರು ಕೊಡವಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ತಾವು ಕೂತಿದ್ದ ಜಾಗದ ಪಕ್ಕ ಅಂಗೈ ಊರಿದರು.

"ಇಲ್ಲೈತೆ," ಎಂದರು. "ನಂದೂ ಅದೇ ಕಣಮ್ಮ."

ಅವತ್ತು ಮಾವ ಮತ್ತು ಕೋದಂಡಪ್ಪ ಮಗುವನ್ನು ತಗೊಂಡು ಹೊಲಕ್ಕೆ ಹೋದಾಗ ಅತ್ತೆ ಅವರಿಗೆ ಕಾಣದ ಹಾಗೆ ಹಿಂದೆ ಹಿಂದೆ ಬಂದಿದ್ದರಂತೆ. ಹೆಂಗಸು ಹೋಗಬಾರದ ಕಡೆ ಹೋಗಿ, ಬದುವಿನ ಆಚೆ ಕೂತು ನೋಡಿದ್ದರಂತೆ. ಮಾರನೇ ವರ್ಷ ಮಾವ ಮರೆತು ಆ ಮೂಲೆಗೂ ನೇಗಿಲು ತಿರುಗಿಸಿದಾಗ, ಅಲ್ಲಿ ಬಂಡೆ ಐತೆ, ಗುಳ ಮುರೀತದೆ ಎಂದು ಕೂಗಿದವರು ಅತ್ತೆ. ಮಾವನಿಗೆ ಅರ್ಥವಾಯಿತೋ ಇಲ್ಲವೋ, ನೇಗಿಲು ತಿರುಗಿಸಿಕೊಂಡರು. ಅವತ್ತಿನಿಂದ ಅಲ್ಲಿ ಬಂಡೆಯೇ ಇದೆ ಎಂದಾಯಿತು. ಟ್ರ್ಯಾಕ್ಟರ್ ಬಂದ ಮೇಲೂ ಡ್ರೈವರಿಗೆ ಅತ್ತೆಯೇ ಹೇಳಿ ಕಳಿಸುತ್ತಿದ್ದರು. ಹುಲ್ಲಿಗೆ ಹೋದಾಗ ಸುಸ್ತಾಯಿತು ಎಂದು ಕೂರುತ್ತಿದ್ದುದು ಆ ಹೊಂಗೆ ಮರದ ಕೆಳಗೆ. ಆ ಮಣ್ಣು ಕೆಡದೆ ಉಳಿದಿದ್ದೇ ಈ ಕಾರಣಕ್ಕೆ. ಅಂಬಿಕ ಮೇಡಂಗೆ ಅದು ಹೊಳೆದಿರಬೇಕು, ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು ದೂರ ಹೋಗಿ ನಿಂತರು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮೊದ್ಲು ಯೇಳ್ಬಾರ್ದು ಅಂತ ಯೇಳ್ಲಿಲ್ಲ," ಎಂದರು ಅತ್ತೆ. "ಆಮೇಲೆ ಎಂಗ್ ಯೇಳೋದು ಅಂತ ಯೇಳ್ಲಿಲ್ಲ."

ಯಜಮಾನರು ಅಲ್ಲೇ ಬದುವಿನ ಮೇಲೆ ಕುಕ್ಕರಿಸಿದರು. ನಾನು ಕೇಳ್ಲೇ ಇಲ್ಲ, ಅಪ್ಪ ಇರೋವಾಗ ಒಂದು ಸಲ ಕೇಳ್ಲೇ ಇಲ್ಲ ಎಂದು ಎರಡು ಸಲ ಅಂದರು. ನನಗೆ ಅವರನ್ನು ಸಮಾಧಾನ ಮಾಡುವಷ್ಟು ಶಕ್ತಿ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅತ್ತೆ ತೋರಿಸಿದ ಜಾಗದ ಪಕ್ಕ ಕೂತೆ. ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಬಂದಿದ್ದು ನಿದ್ದೆ. ಎಷ್ಟೋ ವರ್ಷ ನಿಂತುಕೊಂಡೇ ಇದ್ದವಳಿಗೆ ಕೂರಲು ಜಾಗ ಸಿಕ್ಕ ಹಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಯಜಮಾನರೇ ಎದ್ದು, ಚಪ್ಪಲಿ ಕಾಲಲ್ಲಿ ಸುಣ್ಣದ ಗೆರೆಯನ್ನು ಒರೆಸಿ, ಸೆಲ್ವರಾಜ್‌ನನ್ನು ರಸ್ತೆ ಕಡೆಗೆ ಕರೆದುಕೊಂಡು ಹೋದರು.

ನವ್ಯಳಿಗೆ ಆ ಸಂಜೆ ಹೇಳಿದೆ. ಅಕ್ಕನಾ ಅಣ್ಣನಾ ಎಂದು ಕೇಳಿದಳು. ಅಕ್ಕ ಎಂದೆ. ಅವಳು ಎದ್ದು ಹೋಗಿ ಹಸುಗಳಿಗೆ ನೀರು ಕುಡಿಸಿದಳು. ಅದು ಅವಳು ಎಂದೂ ಮಾಡಿದ ಕೆಲಸವಲ್ಲ.

ಈಗ ಮನೆ ಏಳುತ್ತಿದೆ. ರಸ್ತೆ ಕಡೆಯ ಗರಸು ಮಣ್ಣು, ಸಮಾಧಿಗಳಿಂದ ದೂರ ಬಿಟ್ಟು ತೆಗೆದ ಬಾವಿ ಕಡೆಯ ಜಿಗುಟು ಮಣ್ಣು ಎರಡನ್ನೂ ಬೆರೆಸಿ ಇಟ್ಟಿಗೆ ಒತ್ತುತ್ತಿದ್ದಾರೆ. ಜರಡಿ ಹಿಡಿಯುವುದೇ ಒಂದು ದೊಡ್ಡ ಕೆಲಸವಾಗಿದೆ, ಮಣ್ಣಿಗಿಂತ ಕಲ್ಲು ಹೆಚ್ಚು ಬರುತ್ತದೆ. ಸಿಮೆಂಟ್ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬೇಕಾಯಿತು. ಆ ವಿಷಯದಲ್ಲಿ ಅಂಬಿಕ ಮೇಡಂ ಮುಖ ಇವತ್ತಿಗೂ ಸಪ್ಪೆ. ಆದರೂ ಒಂದು ಮಾತು ಆಡದೆ ನಕ್ಷೆ ತಿದ್ದಿದರು. ನೀರಿನ ತೊಟ್ಟಿ ಅಡುಗೆಮನೆ ಕಡೆಗೆ ಬಂತು, ಮೂಲೆಯತ್ತ ನೀರು ಹರಿಯದ ಹಾಗೆ ಕಾಲುವೆ ತಿರುಗಿಸಿದರು. ಇಟ್ಟಿಗೆಗಳ ಅಂಚು ಅಲ್ಲಲ್ಲಿ ಮುಕ್ಕಾಗಿದೆ. ನೋಡಿದವರು ಇದೇನು ಹೀಗೆ ಉದುರುತ್ತದೆ ಎಂದು ಬೆರಳಲ್ಲಿ ಕೆದಕುತ್ತಾರೆ. ಕೆದಕಬೇಡಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ, ದಿನಾ ನೀರು ಹಾಕಬೇಕು, ಅದೂ ನನ್ನ ತಲೆಗೇ. ಡೇರಿಯಿಂದ ನೇರ ಅಲ್ಲಿಗೆ, ಅಲ್ಲಿಂದ ಡೇರಿಗೆ. ಯಜಮಾನರು ಭಾನುವಾರ ಮಾತ್ರ ನೋಡುತ್ತಾರೆ, ಆದ್ದರಿಂದ ಅವರಿಗೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ.

ಒಂದು ಸುಳ್ಳು ಹೇಳಲಾರೆ. ಅತ್ತೆಯ ಮೇಲೆ ನನಗೆ ಕೃತಜ್ಞತೆ ಇದೆ, ಅದರ ಪಕ್ಕದಲ್ಲೇ ಸಿಟ್ಟೂ ಇದೆ. ಕಾಪಾಡಿದ್ದು ನಿಜ. ಆದರೆ ಅಷ್ಟು ವರ್ಷ ಆ ಮಗುವಿನ ಪಕ್ಕ ಕೂತವರು ಅವರು. ಹುಲ್ಲು ಹೊರೆ ಇಳಿಸಿ, ನೆರಳಲ್ಲಿ ಕಾಲು ಚಾಚಿ, ಅದರ ಹತ್ತಿರ ಏನು ಮಾತಾಡಿದರೋ. ಹೆತ್ತವಳು ನಾನು ಅದೇ ಹೊಲದ ಆಚೆ ತುದಿಯಲ್ಲಿ ಕಳೆ ಕೀಳುತ್ತಿದ್ದೆ. ಇದನ್ನು ಅವರಿಗೆ ಹೇಳಿಲ್ಲ. ಆದರೆ ಬಡಿಸುವಾಗ ಕೈ ಸ್ವಲ್ಪ ಜೋರಾಗಿ ಬೀಳುತ್ತದೆ, ಅವರಿಗೆ ಗೊತ್ತಾಗುತ್ತದೆ.

ಮೊನ್ನೆ ಗೋಡೆಗೆ ನೀರು ಹಾಕುವುದಕ್ಕೆ ಹೊರಟಾಗ ಅತ್ತೆ ತಾವೂ ಬರುತ್ತೇನೆ ಎಂದರು. ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ನಾನು ನೀರು ಹಾಕಿ ಮುಗಿಸುವವರೆಗೆ ಅವರು ಮೂಲೆಯಲ್ಲಿದ್ದರು. ಇನ್ನೂ ಬಿಸಿಲಿತ್ತು, ಸಂಜೆಯ ಡೇರಿಗೆ ಸಮಯವಿತ್ತು. ನಾನೂ ಹೋಗಿ ಆಚೆ ಬದಿಗೆ ಕೂತೆ. ನಮ್ಮಿಬ್ಬರ ನಡುವೆ ಒಂದು ಮೊಳ ಜಾಗ, ಅದರ ಮೇಲೆ ಗರಿಕೆ. ಆಮೇಲೆ ಅತ್ತೆ ಬಾವಿ ಕಡೆ, ಮಾವನ ಸಮಾಧಿ ಕಡೆ ನೋಡಿದರು.

"ನಾನು ಸತ್ರೆ ಅಲ್ಲಿಗೆ ಬೇಡ ಸುಮಾ," ಎಂದರು. "ಅವರತ್ರ ನಂದೇನೂ ಬಾಕಿ ಇಲ್ಲ. ಇಲ್ಲೇ ಇಟ್ಬುಡ್ರಿ. ಮಗು ಒಂದೇ ಐತೆ."

ಹೆಂಡತಿಯನ್ನು ಗಂಡನ ಪಕ್ಕ ಬಿಟ್ಟು ಬೇರೆ ಕಡೆ ಇಡುವುದಿಲ್ಲ ನಮ್ಮಲ್ಲಿ. ಆದರೆ ಆ ಹೊತ್ತಿಗೆ ನನ್ನ ತಲೆಗೆ ಅದು ಬರಲೇ ಇಲ್ಲ. ಆ ಜಾಗವನ್ನು ಅವರು ಅಂಗೈ ಊರಿ ತೋರಿಸಿದ ದಿನವೇ ನಾನು ಮನಸ್ಸಿನಲ್ಲಿ ನನಗೆ ಅಂತ ಇಟ್ಟುಕೊಂಡಿದ್ದೆ. ಇದೊಂದನ್ನೂ ಈಕೆಗೆ ಬಿಟ್ಟುಕೊಡಬೇಕಾ ಅನ್ನಿಸಿ ಅಷ್ಟು ದಿನ ಬರದಿದ್ದ ಅಳು ಬಂದುಬಿಟ್ಟಿತು.

"ಇಷ್ಟು ದಿನ ನೀವೇ ಇದ್ರಲ್ಲ ಅತ್ತೆ ಅದರ ಪಕ್ಕ," ಎಂದೆ. "ಇನ್ನು ಅಲ್ಲಿ ನಾನು ಮಲಗ್ತೀನಿ."

ಅತ್ತೆ ನನ್ನನ್ನೂ ಜಾಗವನ್ನೂ ನೋಡಿದರು. ಕೋಲಿನ ತುದಿಯಿಂದ ನೆಲದ ಮೇಲೆ ಅಲ್ಲಿಂದ ಇಲ್ಲಿಗೆ ಅಳೆಯುವವರ ಹಾಗೆ ಒಂದು ಗೆರೆ ಎಳೆದರು.

"ಸರಿ," ಎಂದರು. "ಅಂಗಾದ್ರೆ ನಾನು ಕಾಲ್ ದೆಸೆಗೆ."

ನಾನು ಬೇಡ ಅನ್ನಲಿಲ್ಲ. ಡೇರಿಗೆ ಹೊತ್ತಾಗಿತ್ತು, ಕೈ ಹಿಡಿದು ಎಬ್ಬಿಸಿದೆ.